ಕೆಸರು ಕೂತಲ್ಲೇ ತುಕ್ಕು: ಹಳೆಯ ಕಾರಿನ ಸಂದುಗಳನ್ನು ಮಳೆಗಾಲಕ್ಕೆ ಮೊದಲು ಖಾಲಿ ಮಾಡುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿ 2004ರ ಮಾರುತಿ 800 ಇದೆ, ಅಪ್ಪ ಆಗ ಹೊಸ ಕಾರಾಗಿಯೇ ತೆಗೆದುಕೊಂಡದ್ದು. ಮನೆ ಬೈಂದೂರು ಕಡೆ, ಸಮುದ್ರದಿಂದ ಒಂದೂವರೆ ಕಿಲೋಮೀಟರ್. ಗೇಟಿನಿಂದ ಅಂಗಳದವರೆಗೆ ಕೆಂಪು ಮಣ್ಣಿನ ದಾರಿ. ಕಾರು ನಿಲ್ಲುವುದು ಗಾಳಿಮರದ ಕೆಳಗೆ, ಕವರ್ ಹಾಕಿ. ವಾರಕ್ಕೊಮ್ಮೆ ತೊಳೆಯುತ್ತೇವೆ. ಆದರೂ ಎಡಗಡೆ ಮುಂದಿನ ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟು ಗುಳ್ಳೆ ಎದ್ದಿದೆ. ಹಿಂದಿನ ಚಕ್ರದ ಕಮಾನಿನ ಅಂಚು ಮುಟ್ಟಿದರೆ ಪುಡಿ ಉದುರುತ್ತದೆ. ಜೋರು ಮಳೆ ಬಂದರೆ ಎಡ ಮುಂದಿನ ಸೀಟಿನವರ ಕಾಲಡಿ ಒದ್ದೆ. ಮೊನ್ನೆ ಮುಂದಿನ ಫೆಂಡರಿನ (ಚಕ್ರದ ಮೇಲಿನ ತಗಡು) ಒಳಗೆ ಕೈ ಹಾಕಿದರೆ ಹಿಡಿ ತುಂಬ ಕಪ್ಪು, ಗೊಬ್ಬರದಂಥ ಮಣ್ಣು ಬಂತು. ಗ್ಯಾರೇಜಿನವರು ಮಳೆಗೆ ಮುಂಚೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ ಎನ್ನುತ್ತಾರೆ. ನೆರೆಮನೆಯವರು ಹಳೆ ಎಂಜಿನ್ ಆಯಿಲ್ ಹೊಡೆಸಿ ಎನ್ನುತ್ತಾರೆ. ಚಿಕ್ಕಪ್ಪ, ಬಾಗಿಲ ಕೆಳಗಿನ ತೂತಿನಿಂದಲೇ ನೀರು ಹತ್ತುವುದು, ಎಂ-ಸೀಲ್ ಹಾಕಿ ಮುಚ್ಚು ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಈ ಕಾರನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವ ಆಸೆ.

ಉತ್ತರ: ಫೆಂಡರಿನ ಒಳಗಿಂದ ನಿಮ್ಮ ಕೈಗೆ ಬಂದ ಆ ಕಪ್ಪು ಮಣ್ಣೇ ಎಲ್ಲಕ್ಕೂ ಮೂಲ. ಬಾಗಿಲಿನ ಗುಳ್ಳೆ, ಕಮಾನಿನ ಪುಡಿ, ಕಾಲಡಿಯ ಒದ್ದೆ ಬೇರೆ ಬೇರೆ ತೊಂದರೆಗಳಂತೆ ಕಂಡರೂ, ನೀರು ಹೊರಗೆ ಹೋಗಬೇಕಾದ ದಾರಿಗಳಲ್ಲಿ ಎಲೆ, ಮಣ್ಣು ಕೂತಿರುವುದರ ಫಲ. ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ: ಕೋಟಿಂಗ್ ಈಗಲೇ ಬೇಡ, ಹಳೆ ಆಯಿಲ್ ಬೇಡವೇ ಬೇಡ, ಬಾಗಿಲಿನ ತೂತನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮೊದಲು ಸಂದುಗಳನ್ನು ಖಾಲಿ ಮಾಡಬೇಕು, ಪೂರ್ತಿ ಒಣಗಿಸಬೇಕು, ಆಮೇಲೆ ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡಿ ರಿಪೇರಿ ಮಾಡಿಸಬೇಕು. ಲೇಪ ಹಾಕುವುದು ಇದೆಲ್ಲ ಮುಗಿದ ಮೇಲೆ. ಈ ಕ್ರಮ ತಲೆಕೆಳಗಾದರೆ ಲೇಪಕ್ಕೆ ಕೊಟ್ಟ ದುಡ್ಡು ತುಕ್ಕಿಗೇ ಸಹಾಯ ಮಾಡುತ್ತದೆ.

ವಾರಕ್ಕೊಮ್ಮೆ ತೊಳೆದರೂ ತುಕ್ಕು ಏಕೆ?

ತೊಳೆಯುವುದು ಹೊರಮೈ. ತುಕ್ಕು ಶುರುವಾಗುವುದು ಒಳಗಿನ ಮಡಿಕೆಗಳಲ್ಲಿ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಬಾನೆಟ್ ಮೇಲೆ, ಟಾಪಿನ ಮೇಲೆ ಬಿದ್ದ ಮಳೆ ಇಳಿದು ಹೋಗುತ್ತದೆ, ಬಿಸಿಲು ಬಂದ ಅರ್ಧ ಗಂಟೆಯಲ್ಲಿ ತಗಡು ಒಣಗುತ್ತದೆ. ಕಮಾನಿನ ಮಡಿಕೆಯಲ್ಲಿ ಕೂತ ಮಣ್ಣು ಹಾಗಲ್ಲ. ಅದು ತಗಡಿಗೆ ಸುತ್ತಿದ ಒದ್ದೆ ಗೋಣಿಚೀಲದ ಹಾಗೆ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಅಷ್ಟೇ ಆಗಿದ್ದರೆ ಇಷ್ಟು ವೇಗವಾಗಿ ತಗಡು ತೂತಾಗುತ್ತಿರಲಿಲ್ಲ. ಮಣ್ಣಿನ ಗಂಟಿನ ಅಂಚಿಗೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ನಡುವೆ ಅಡಿಯಲ್ಲಿರುವ ತಗಡಿಗೆ ಸಿಗುವುದಿಲ್ಲ. ಈ ವ್ಯತ್ಯಾಸದಿಂದ ಒಂದೇ ತಗಡಿನ ಎರಡು ಜಾಗಗಳ ನಡುವೆ ಪುಟ್ಟ ವಿದ್ಯುತ್ ಕೋಶ ಏರ್ಪಡುತ್ತದೆ. ಅದರಲ್ಲಿ ಕರಗುವುದು ಆಮ್ಲಜನಕ ಕಡಿಮೆ ಇರುವ ಭಾಗ, ಅಂದರೆ ಮಣ್ಣಿನ ಅಡಿಯದ್ದು. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿಂದ ತಗಡು ಮುಕ್ಕಾಲು ತಿಂದು ಹೋಗಿರುವುದು ಇದಕ್ಕೇ. ಹಳೆಯ ಸಣ್ಣ ಕಾರುಗಳ ಬಾಡಿ ತಗಡು ಹೆಚ್ಚುಕಡಿಮೆ ಮುಕ್ಕಾಲು ಮಿಲಿಮೀಟರ್ ದಪ್ಪ. ತಿನ್ನಲು ಅಲ್ಲಿರುವುದೇ ಅಷ್ಟು.

ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಸೋಡಿಯಂ ಕ್ಲೋರೈಡ್ ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರ ಆಸುಪಾಸು ಇದ್ದರೂ ಸಾಕು. ನಿಮ್ಮ ಊರಿನಲ್ಲಿ ಮಳೆಗಾಲವಿಡೀ ತೇವಾಂಶ ಶೇ. 80ರ ಮೇಲೆಯೇ ಇರುತ್ತದೆ. ಆದ್ದರಿಂದ ಉಪ್ಪು ಬೆರೆತ ಮಣ್ಣು ಮಳೆ ಇಲ್ಲದ ದಿನವೂ ಒಣಗುವುದಿಲ್ಲ, ಶೆಡ್ಡಿನೊಳಗೆ ನಿಲ್ಲಿಸಿದರೂ ಒಣಗುವುದಿಲ್ಲ. ಉಪ್ಪು ಬರುವುದು ಬರೀ ಗಾಳಿಯಿಂದಲೂ ಅಲ್ಲ. ಮರವಂತೆಯಲ್ಲಿ ಹೆದ್ದಾರಿ 66ರ ಪಕ್ಕದಲ್ಲೇ ಸಮುದ್ರ. ಮಳೆಗಾಲದ ಅಲೆಯ ತುಂತುರು ನೇರ ಕಾರಿನ ಮೇಲೆ ಬೀಳುತ್ತದೆ. ಮೀನಿನ ಲಾರಿಗಳಿಂದ ಸೋರುವ ಉಪ್ಪು ಐಸ್‌ನೀರು ರಸ್ತೆಯಲ್ಲಿ ಹರಿದು, ಮುಂದಿನ ಚಕ್ರ ಅದನ್ನು ಫೆಂಡರಿನೊಳಗೆ ಎರಚುತ್ತದೆ. ಮೀನಿನ ಲಾರಿಯ ಹಿಂದೆ ಹತ್ತಿರದಲ್ಲಿ ಹೋಗಬೇಡಿ. ಹೋಗಬೇಕಾಗಿ ಬಂದರೆ ಅದೇ ದಿನ ಅಡಿಗೆ ಸಿಹಿನೀರು ಬಿಡಿ.

ಕೆಂಪು ಮಣ್ಣಿನ ಬಗ್ಗೆ ಒಂದು ಮಾತು. ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನದು. ಅದರಿಂದ ತುಕ್ಕು ಅಂಟುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆ ಆಕ್ಸೈಡು ತಗಡಿಗೆ ಹರಡುವುದಿಲ್ಲ. ತೊಂದರೆ ಇರುವುದು ಬಣ್ಣದಲ್ಲಲ್ಲ, ಅದರ ಜೇಡಿ ಗುಣ ನೀರು ಹಿಡಿದಿಡುವುದರಲ್ಲಿ. ಆದರೆ ಕೆಂಪು ಬಣ್ಣ ನೋಡುವವರ ಕಣ್ಣಿಗೆ ಮೋಸ ಮಾಡುತ್ತದೆ: ಮಣ್ಣಿನ ಕಲೆಯನ್ನು ತುಕ್ಕು ಎಂದು ಹೆದರುವವರೂ ಇದ್ದಾರೆ, ತುಕ್ಕನ್ನು ಮಣ್ಣು ಎಂದು ಬಿಟ್ಟವರೂ ಇದ್ದಾರೆ. ಒದ್ದೆ ಬಟ್ಟೆಯಿಂದ ಒರೆಸಿ. ಮಣ್ಣು ಬಟ್ಟೆಗೆ ಬರುತ್ತದೆ, ಅಡಿಯ ಪೇಂಟು ನಯವಾಗಿರುತ್ತದೆ. ತುಕ್ಕಾದರೆ ಮೈ ದೊರಗಾಗಿಯೇ ಉಳಿಯುತ್ತದೆ, ಉಗುರಿಗೆ ಹೆಕ್ಕಳಿಕೆ ಸಿಗುತ್ತದೆ.

ಎಲ್ಲೆಲ್ಲಿ ಕೂತಿದೆ?

ಮೊದಲು ಮುಂದಿನ ಗಾಜಿನ ಬುಡ ನೋಡಿ. ವೈಪರ್ ಇರುವಲ್ಲಿ ಬಾನೆಟ್ ಹಿಂದಿನ ಜಾಲರಿಯಂಥ ಭಾಗಕ್ಕೆ ಕೌಲ್ ಎನ್ನುತ್ತಾರೆ. ಗಾಜಿನ ಮೇಲಿನ ಅಷ್ಟೂ ಮಳೆನೀರು ಇಳಿಯುವುದು ಅಲ್ಲಿಗೆ. ಅಲ್ಲಿಂದ ಎರಡು ಬದಿಗೆ ಹರಿದು ಫೆಂಡರಿನ ಹಿಂಬದಿಯಿಂದ ನೆಲಕ್ಕೆ ಬೀಳಬೇಕು. ಮಾವಿನ ಎಲೆ, ಹಲಸಿನ ಎಲೆ ಜಾಲರಿಯ ಮೇಲೆಯೇ ನಿಲ್ಲುತ್ತವೆ, ಕೈಯಲ್ಲಿ ಹೆಕ್ಕಬಹುದು. ಗಾಳಿಮರದ ಸೂಜಿ ಎಲೆ ಜಾಲರಿಯ ಸೀಳಿನಿಂದ ಸಲೀಸಾಗಿ ಒಳಗೆ ಇಳಿಯುತ್ತದೆ. ಗುಲ್ಮೊಹರದ ಸಣ್ಣ ಎಲೆಯದೂ ಅದೇ ಕಥೆ. ಒಳಗೆ ಕೊಳೆತು ಗೊಬ್ಬರವಾಗಿ ಬದಿಯ ದಾರಿಯನ್ನು ಮುಚ್ಚುತ್ತದೆ. ಆಗ ಕೌಲ್ ತೊಟ್ಟಿಯಾಗುತ್ತದೆ. ನೀರಿನ ಮಟ್ಟ ಏರಿ, ಕ್ಯಾಬಿನ್ನಿಗೆ ಗಾಳಿ ಎಳೆಯುವ ಬ್ಲೋವರಿನ ಬಾಯಿ ದಾಟಿದರೆ ನೀರು ಸೀದಾ ಒಳಗೆ. ನಮ್ಮ ಕಾರುಗಳಲ್ಲಿ ಬ್ಲೋವರ್ ಸಾಮಾನ್ಯವಾಗಿ ಎಡಗಡೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ನಿಮ್ಮ ಎಡ ಕಾಲಡಿಯ ಒದ್ದೆಗೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಖಚಿತ ಮಾಡಿಕೊಳ್ಳುವುದು ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಒಂದು ಚೊಂಬಿನಿಂದ ಜಾಲರಿಯ ಎಡಬದಿಗೆ ನಿಧಾನವಾಗಿ ಒಂದು ಲೀಟರ್ ನೀರು ಸುರಿಯಿರಿ. ಮುಂದಿನ ಚಕ್ರದ ಹಿಂದೆ ಕೆಲವೇ ಸೆಕೆಂಡಿನಲ್ಲಿ ಧಾರೆಯಾಗಿ ನೀರು ಬರಬೇಕು. ತೊಟ್ಟಿಕ್ಕಿದರೆ, ತಡವಾಗಿ ಕಪ್ಪಾಗಿ ಬಂದರೆ, ದಾರಿ ಕಟ್ಟಿದೆ. ಬಲಬದಿಗೂ ಹಾಗೇ ಮಾಡಿ.

ಎರಡನೆಯದು ನೀವು ಕೈ ಹಾಕಿದ ಜಾಗ: ಮುಂದಿನ ಫೆಂಡರಿಗೂ ಬಾಗಿಲ ಹಿಂಜ್ ಇರುವ ಕಂಬಕ್ಕೂ ನಡುವಿನ ಪೊಳ್ಳು. ಮೇಲಿನಿಂದ ಕೌಲ್ ಎಲೆ ಬೀಳುತ್ತದೆ, ಕೆಳಗಿನಿಂದ ಚಕ್ರ ಕೆಸರು ಎರಚುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಕಮಾನಿನೊಳಗೆ ಪ್ಲಾಸ್ಟಿಕ್ ಲೈನರ್ ಇಲ್ಲ, ಇದ್ದರೂ ಕ್ಲಿಪ್ ಮುರಿದು ಜೋತಾಡುತ್ತಿರುತ್ತದೆ. ಆ ಮಣ್ಣಿನ ರಾಶಿ ಕೂರುವುದು ರನ್ನಿಂಗ್ ಬೋರ್ಡಿನ ಮುಂದಿನ ತುದಿಯ ಮೇಲೆ. ರನ್ನಿಂಗ್ ಬೋರ್ಡ್ ಎಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೊಳ್ಳು ಪಟ್ಟಿ. ಚಾಸಿ ಬೇರೆ ಇಲ್ಲದ ಈ ಕಾರುಗಳಲ್ಲಿ ಅದೇ ಬೆನ್ನೆಲುಬು. ಎಡ ಬಾಗಿಲಿನ ಗುಳ್ಳೆಗಿಂತ ನನಗೆ ಹೆಚ್ಚು ಚಿಂತೆ ಇರುವುದು ಈ ಜಾಗದ ಬಗ್ಗೆ.

ಬಾಗಿಲಿನೊಳಗೆ ನೀರು ಹೋಗುವುದು ಮೇಲಿನಿಂದ. ಗಾಜಿನ ಹೊರಬದಿಯ ರಬ್ಬರ್ ಎಷ್ಟೇ ಹೊಸದಾದರೂ ಸ್ವಲ್ಪ ನೀರು ಬಿಡುತ್ತದೆ. ಕಂಪನಿಯವರಿಗೆ ಅದು ಗೊತ್ತಿರುವುದರಿಂದಲೇ ಕೆಳ ಅಂಚಿನಲ್ಲಿ ತೂತುಗಳನ್ನು ಇಟ್ಟಿರುತ್ತಾರೆ. ಚಿಕ್ಕಪ್ಪನ ಮಾತಿನಂತೆ ಅವನ್ನು ಮುಚ್ಚಿದರೆ ಬಾಗಿಲು ನೀರು ತುಂಬಿದ ಡಬ್ಬಿಯಾಗುತ್ತದೆ, ಬಾಗಿಲು ತೆಗೆದಾಗ ಒಳಗೆ ನೀರು ಕುಲುಕುವ ಸದ್ದು ಕೇಳುತ್ತದೆ. ಗಾಜಿನ ರಬ್ಬರಿನಿಂದ ಇಳಿದ ನುಣುಪು ಧೂಳು ಈಗಾಗಲೇ ನಿಮ್ಮ ತೂತುಗಳನ್ನು ಅರ್ಧ ಮುಚ್ಚಿರಬಹುದು. ಅಲ್ಲಿ ಹೊರ ತಗಡನ್ನು ಒಳ ತಗಡಿನ ಮೇಲೆ ಮಡಿಚಿ ಒತ್ತಿರುತ್ತಾರೆ. ನಿಮ್ಮ ಗುಳ್ಳೆ ಎದ್ದಿರುವುದು ಅದೇ ಮಡಿಕೆಯಲ್ಲಿ.

ಹಿಂದಿನ ಕಮಾನಿನದೂ ಹಾಗೇ ಮಡಚಿದ ಅಂಚು. ಒಳಬದಿಯಲ್ಲಿ ಬೆರಳಗಲದ ಹಲಗೆಯಂತೆ ಚಾಚಿರುವ ಅದರ ಮೇಲೆ ಕೆಸರು ಕೂರುತ್ತದೆ. ಹೊರಗಿನಿಂದ ಅಂಟಿಸಿದ ಕ್ರೋಮ್ ಬೀಡಿಂಗ್ ಇದ್ದರೆ ಇವತ್ತೇ ಕೀಳಿ. ಮಡ್‌ಫ್ಲಾಪಿನ ಸ್ಕ್ರೂ ಹಾಕಿದ ಪ್ರತಿ ತೂತಿನ ಸುತ್ತಲೂ ನೋಡಿ. ಬಹಳ ಕಾರುಗಳಲ್ಲಿ ಕಮಾನಿನ ತುಕ್ಕು ಹೊರಟದ್ದೇ ಆ ಸ್ಕ್ರೂಗಳಿಂದ. ಇನ್ನುಳಿದಂತೆ ಬ್ಯಾಟರಿ ಟ್ರೇ, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ, ಡಿಕ್ಕಿಯ ರಬ್ಬರ್ ಕೂರುವ ಕಾಲುವೆ, ಸ್ಟೆಪ್ನಿ ಜಾಗ, ಹಿಂದಿನ ದೀಪದ ಹಿಂದಿನ ಮೂಲೆ ಇವನ್ನೂ ಬಿಡಬೇಡಿ.

ಕಾಲಡಿಯ ಕಾರ್ಪೆಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದರ ಕೆಳಗೆ ದಪ್ಪ ಫೆಲ್ಟ್ ಇರುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಫೆಲ್ಟ್ ವಾರಗಟ್ಟಲೆ ನೀರು ಹಿಡಿದಿರುತ್ತದೆ. ರಾತ್ರಿ ಫೆಲ್ಟಿನ ಅಡಿಗೆ ಪೇಪರ್ ಮಡಚಿಟ್ಟು ಬೆಳಿಗ್ಗೆ ತೆಗೆದು ನೋಡಿ. ಒದ್ದೆಯಾಗಿದ್ದರೆ ಸೀಟು ಬಿಚ್ಚಿ ಪೂರ್ತಿ ಹೊರಗೆ ತೆಗೆಯಲೇಬೇಕು. ಹಳೆಯ ಕಾರನ್ನು ಚೆಂದ ಕಾಣಿಸಲು ಕಾರ್ಪೆಟ್ ಮೇಲೆ ವಿನೈಲ್ ಫ್ಲೋರ್ ಲ್ಯಾಮಿನೇಷನ್ ಹಾಕಿಸುವ ರೂಢಿ ಇದೆ. ಕರಾವಳಿಯ ಕಾರಿಗೆ ಅದು ಕೆಟ್ಟದ್ದೇ ಹೊರತು ಒಳ್ಳೆಯದು ಮಾಡುವುದನ್ನು ನಾನು ಕಂಡಿಲ್ಲ. ಅಡಿಗೆ ಹೋದ ನೀರಿಗೆ ಮೇಲಕ್ಕೆ ಆವಿಯಾಗುವ ದಾರಿಯೂ ಇರುವುದಿಲ್ಲ. ನೆಲದ ತಗಡು ಕೆಳಗಿನ ರಸ್ತೆಯಿಂದಲ್ಲ, ಮೇಲಿನ ಕಾರ್ಪೆಟ್ಟಿನಿಂದ ತೂತಾಗುವುದೇ ಹೆಚ್ಚು.

ಖಾಲಿ ಮಾಡುವ ಕೆಲಸ

ಏಪ್ರಿಲ್ ಅಥವಾ ಮೇ ಮೊದಲ ಎರಡು ವಾರ ಇದಕ್ಕೆ ಸರಿಯಾದ ಕಾಲ. ಬಿಸಿಲು ಬೇಕು. ಎರಡನೆಯ ಸರದಿ ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ. ಇಬ್ಬರಿಗೆ ಒಂದು ಇಡೀ ದಿನದ ಕೆಲಸ, ಆಮೇಲೆ ಒಣಗಲು ಕನಿಷ್ಠ ಎರಡು ದಿನ.

ಜಾಕ್ ಹಾಕುವ ಮುಂಚೆ ರನ್ನಿಂಗ್ ಬೋರ್ಡಿನ ಅಡಿಯ ಜಾಕ್ ಪಾಯಿಂಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಸದ್ದು ಸತ್ತಂತೆ ಬಂದರೆ, ಪುಡಿ ಉದುರಿದರೆ, ಅಲ್ಲಿ ಜಾಕ್ ಹಾಕಬೇಡಿ, ಅದು ತಗಡು ಹರಿದು ಒಳಗೆ ನುಗ್ಗುತ್ತದೆ. ಅಂಥ ಕಾರನ್ನು ಗ್ಯಾರೇಜಿನ ಲಿಫ್ಟಿನಲ್ಲಿ, ಎಲ್ಲಿ ಆಧಾರ ಕೊಡಬೇಕು ಎಂದು ನೋಡಿಯೇ ಎತ್ತಿಸಬೇಕು. ಮನೆಯಲ್ಲಿ ಎತ್ತಿದರೆ ಸ್ಟ್ಯಾಂಡ್ ಇಟ್ಟೇ ಚಕ್ರ ಬಿಚ್ಚಿ. ಜಾಕ್ ಒಂದನ್ನೇ ನಂಬಿಕೊಂಡು, ಇಲ್ಲವೇ ಕಲ್ಲು ಜೋಡಿಸಿಕೊಂಡು ಅಡಿಗೆ ತಲೆ ಹಾಕಬೇಡಿ.

ಗಟ್ಟಿಯಾದ ಮಣ್ಣನ್ನು ಒಮ್ಮೆಗೇ ಪ್ರೆಶರ್ ವಾಟರ್ ಹೊಡೆದು ತೆಗೆಯಲು ಹೋಗಬೇಡಿ. ವಾಟರ್ ಸರ್ವಿಸಿನ ಜೋರು ಧಾರೆ ಅರ್ಧ ಮಣ್ಣನ್ನು ಹೊರಗೆ ತಂದರೆ ಉಳಿದರ್ಧವನ್ನು ತಗಡಿನ ಜೋಡಣೆಯೊಳಗೆ ತುರುಕುತ್ತದೆ, ಸಡಿಲವಾದ ಸೀಲರನ್ನೂ ಎಬ್ಬಿಸುತ್ತದೆ. ತೋಟಕ್ಕೆ ಬಿಡುವ ಪೈಪಿನ ಸಾದಾ ನೀರಿನಿಂದ ಮಣ್ಣನ್ನು ನೆನೆಸಿ, ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಮರದ ಚಕ್ಕೆ ಅಥವಾ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ಕೈಯಲ್ಲೇ ತೆಗೆಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ. ತುಕ್ಕು ತಿಂದ ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಕಮಾನಿನ ಒಳ ಹಲಗೆಯ ಉದ್ದಕ್ಕೂ ಬೆರಳು ಓಡಿಸಿ, ಎಲ್ಲೂ ದೊರಗು ಗಂಟು ಉಳಿಯಬಾರದು. ಕೊನೆಗೆ ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು, ಅಡಿಯಲ್ಲಿ ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ನೀರು ಸಿಹಿಯಾಗಿರಬೇಕು. ಸಮುದ್ರದ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯ ಕೊನೆಗೆ ಸವುಳಾಗುತ್ತದೆ, ಸೋಪು ನೊರೆ ಬರುವುದಿಲ್ಲ. ಅದರಲ್ಲಿ ತೊಳೆದರೆ ಉಪ್ಪು ಹಚ್ಚಿದಂತೆಯೇ.

ಫೆಂಡರಿನ ಹಿಂದಿನ ಪೊಳ್ಳಿಗೆ ಕೈ ಪೂರ್ತಿ ಹೋಗುವುದಿಲ್ಲ. ಮುಂದಿನ ಫೆಂಡರ್ ಬೋಲ್ಟ್ ಹಾಕಿದ ಭಾಗ, ವೆಲ್ಡ್ ಅಲ್ಲ. ನಿಮ್ಮಲ್ಲಿ ಹಿಡಿ ತುಂಬ ಮಣ್ಣು ಬಂದಿರುವುದರಿಂದ ಈ ಒಂದು ಸಲ ಎರಡೂ ಫೆಂಡರ್ ಬಿಚ್ಚಿಸಿ ಎಂದೇ ಹೇಳುತ್ತೇನೆ. ಹೆಚ್ಚಿನವು 10ರ ಸ್ಪ್ಯಾನರಿನ ಬೋಲ್ಟುಗಳು. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಬಿಗಿಯಾಗಿ ನಿಂತದ್ದನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ತೆಗೆಯಬೇಕು, ಇಲ್ಲದಿದ್ದರೆ ತಲೆ ಮುರಿಯುತ್ತದೆ. ಬಂಪರ್, ಇಂಡಿಕೇಟರ್ ವೈರ್ ಮೊದಲು ಬಿಡಿಸಿಕೊಳ್ಳಿ. ಫೆಂಡರ್ ಹೊರಗೆ ಬಂದ ಮೇಲೆ ಹಿಂಜ್ ಕಂಬದ ಬುಡವೂ ರನ್ನಿಂಗ್ ಬೋರ್ಡಿನ ಮುಖವೂ ಬಯಲಾಗಿ ಕಾಣುತ್ತದೆ. ಕಾರನ್ನು ಇನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದೋ ಇಲ್ಲವೋ ಎಂಬುದಕ್ಕೆ ಉತ್ತರ ಸಿಗುವುದು ಅಲ್ಲಿ.

ಬಾಗಿಲಿನ ತೂತುಗಳಿಗೆ ಸ್ಕ್ರೂಡ್ರೈವರ್ ಹಾಕಿ ಕುಕ್ಕಬೇಡಿ, ಉಳಿದಿರುವ ಪೇಂಟೂ ಹೋಗುತ್ತದೆ. ವಯರಿಂಗಿಗೆ ಬಳಸುವ ದಪ್ಪ ಪ್ಲಾಸ್ಟಿಕ್ ಕೇಬಲ್ ಟೈ ಸಾಕು. ಆಮೇಲೆ ಗಾಜು ಇಳಿಯುವ ಸಂದಿನಲ್ಲಿ ಒಂದು ಲೀಟರ್ ನೀರು ಬಿಟ್ಟು ಪ್ರತಿ ತೂತಿನಿಂದಲೂ ಬರುತ್ತದೆಯೇ ನೋಡಿ. ಬಾಗಿಲ ಒಳಗಿನ ಟ್ರಿಮ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸ್ಪೀಕರ್ ಹಾಕುವಾಗ, ಗಾಜಿನ ಮಷಿನ್ ರಿಪೇರಿ ಮಾಡುವಾಗ ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ಹರಿದಿದ್ದರೆ ಬಾಗಿಲಿನ ನೀರು ಕಾರ್ಪೆಟ್ಟಿಗೆ ಬರುತ್ತದೆ. ಕಾಲಡಿಯ ಒದ್ದೆಗೆ ನನ್ನ ಎರಡನೆಯ ಅನುಮಾನ ಇದು. ದಪ್ಪ ಪಾಲಿಥೀನ್ ಹಾಳೆ ಕತ್ತರಿಸಿ ಬ್ಯೂಟೈಲ್ ಟೇಪಿನಲ್ಲಿ ಅಂಟಿಸಿದರೆ ಮುಗಿಯಿತು.

ಒಣಗಿಸುವಾಗ ಆತುರ ಬೇಡ. ಬಾಗಿಲು, ಡಿಕ್ಕಿ, ಬಾನೆಟ್ ತೆರೆದಿಟ್ಟು, ನೆಲದ ರಬ್ಬರ್ ಪ್ಲಗ್ಗುಗಳನ್ನು ತೆಗೆದು ಎರಡು ದಿನ ಬಿಸಿಲಿಗೆ ಬಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಸಿಕ್ಕರೆ ರನ್ನಿಂಗ್ ಬೋರ್ಡಿನ ತೂತುಗಳಿಂದ ಹೊಡೆಸಿ. ಒಳಗೆ ಎಷ್ಟು ನೀರು, ಎಷ್ಟು ಮಣ್ಣು ಉಳಿದಿತ್ತು ಎಂಬುದು ಆಗ ಗೊತ್ತಾಗುತ್ತದೆ.

ತುಕ್ಕು ಕಂಡರೆ ಏನು ಮಾಡಬೇಕು?

ತುಕ್ಕು ಮೇಲ್ಮೈಯಲ್ಲಿದೆಯೇ, ತಗಡು ತೂತಾಗಿದೆಯೇ, ಕಾರಿನ ಭಾರ ಹೊರುವ ಭಾಗಕ್ಕೆ ತಗುಲಿದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೇಲ್ಮೈ ತುಕ್ಕನ್ನು ನೀವೇ ನಿಭಾಯಿಸಬಹುದು. ವೈರ್ ಬ್ರಷ್‌ನಲ್ಲಿ ಹೆಕ್ಕಳಿಕೆ ಪೂರ್ತಿ ತೆಗೆದು, 80ರ ಎಮರಿ ಪೇಪರ್, ಆಮೇಲೆ 120ರದ್ದು ಉಜ್ಜಿ. ಗುಂಡಿಗಳಲ್ಲಿ ಉಳಿದ ಕಪ್ಪು ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ತೆಳುವಾಗಿ ಹಚ್ಚಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಗಟ್ಟಿಯಾಗಿ ಹಿಡಿದ ತೆಳು ತುಕ್ಕಿನ ಮೇಲಷ್ಟೇ ಅದು ಕೆಲಸ ಮಾಡುತ್ತದೆ. ಪದರ ಪದರ ಎದ್ದ ತುಕ್ಕಿನ ಮೇಲೆ ಸುರಿದರೆ ಮೇಲಿನ ಪದರವಷ್ಟೇ ಕಪ್ಪಾಗುತ್ತದೆ, ಅಡಿಯದ್ದು ತನ್ನ ಕೆಲಸ ಮುಂದುವರಿಸುತ್ತದೆ. ನಂತರ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೋಟು, ಜೋಡಣೆಗಳಿಗೆ ಪಾಲಿಯುರೆಥೇನ್ ಸೀಲರ್, ಮೇಲೆ ಪೇಂಟು. ಇಲ್ಲಿ ಎರಡು ತಪ್ಪು ಪದೇ ಪದೇ ನಡೆಯುತ್ತವೆ. ಕಡಿಮೆ ಬೆಲೆಯ ರೆಡ್ ಆಕ್ಸೈಡ್ ಬಳಿದು ಅಷ್ಟಕ್ಕೇ ಬಿಡುವುದು ಒಂದು. ಅದು ತೇವವನ್ನು ಒಳಗೆ ಬಿಡುತ್ತದೆ, ಮೇಲೆ ಪೇಂಟು ಬೇಕೇ ಬೇಕು. ಕನ್ವರ್ಟರ್ ಮೇಲೆ ಝಿಂಕ್ ಪ್ರೈಮರ್ ಹೊಡೆಯುವುದು ಇನ್ನೊಂದು. ಸತುವು ಕಬ್ಬಿಣವನ್ನು ಕಾಪಾಡಬೇಕಾದರೆ ಬರಿ ತಗಡಿಗೆ ತಾಗಿರಬೇಕು, ನಡುವೆ ಕನ್ವರ್ಟರಿನ ಪದರ ಬಂದರೆ ಅದು ಬರೀ ಬೂದು ಬಣ್ಣ.

ತೂತಾದ ಭಾಗ ಟಿಂಕರಿಂಗಿಗೆ ಹೋಗಬೇಕು. ನಿಮ್ಮ ಹಿಂದಿನ ಕಮಾನು ಈ ಹಂತಕ್ಕೆ ಬಂದಂತಿದೆ. ಸರಿಯಾದ ಕೆಲಸ ಎಂದರೆ ತುಕ್ಕು ತಿಂದ ತಗಡನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, 22 ಗೇಜ್ ಶೀಟಿನ ತುಂಡನ್ನು ಸಿಓ2 ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೂರಿಸುವುದು. ಗ್ಯಾಸ್ ವೆಲ್ಡಿಂಗಿನ ಶಾಖ ಅಗಲಕ್ಕೆ ಹರಡಿ ತಗಡು ಸೊಟ್ಟಗಾಗುತ್ತದೆ, ಹಿಂಬದಿಯ ಪೇಂಟೂ ಹೆಚ್ಚು ದೂರದವರೆಗೆ ಸುಡುತ್ತದೆ. ಹಳೆ ತುಕ್ಕಿನ ಮೇಲೆಯೇ ತಗಡು ಹೊದಿಸಿ ಪುಟ್ಟಿ ಬಳಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ, ಒಂದೆರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ತಗಡಿನ ನಡುವೆ ಹೊಸದೊಂದು ಸಂದು ಮಾಡಿಟ್ಟಂತಾಗುತ್ತದೆ, ಮಣ್ಣು ಸೇರಲು ಇನ್ನೊಂದು ಜಾಗ. ಪೇಂಟ್ ಮಾಡುವ ಮುಂಚೆ ಬಂದು ನೋಡುತ್ತೇನೆ ಎಂದು ಗ್ಯಾರೇಜಿನವರಿಗೆ ಮೊದಲೇ ಹೇಳಿ. ಕತ್ತರಿಸಿದ ಹಳೆ ತುಂಡುಗಳನ್ನು ಇಟ್ಟಿರಲು ಹೇಳಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಎರಡೂ ತುದಿ ಬಿಚ್ಚಿರಬೇಕು, ಎಂಪಿಎಫ್‌ಐ (ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ) ಕಾರಾದರೆ ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಕನೆಕ್ಟರ್ ಕೂಡ. ಹಿಂದಿನ ಕಮಾನಿನ ಹತ್ತಿರ ಪೆಟ್ರೋಲ್ ಪೈಪು ಹೋಗಿರುತ್ತದೆ, ಬೆಂಕಿಯ ಅಪಾಯ ನಿಜವಾದದ್ದು.

ಬಾಗಿಲಿನ ಮಡಿಕೆ ತೂತಾಗಿದ್ದರೆ ತೇಪೆ ಹಾಕುವುದಕ್ಕಿಂತ ಸೆಕೆಂಡ್ ಹ್ಯಾಂಡ್ ಬಾಗಿಲು ಹುಡುಕುವುದೇ ಜಾಣತನ. ಆದರೆ ಕರಾವಳಿಯ ಗುಜರಿಯಲ್ಲಿ ಬೇಡ. ಚಿತ್ರದುರ್ಗ, ಬಳ್ಳಾರಿಯಂಥ ಬಯಲುಸೀಮೆ ಕಡೆಯ ಕಾರಿನ ಬಾಗಿಲು ಸಿಕ್ಕರೆ ಒಳ ಅಂಚು ಹೊಸದರಂತೆ ಇರುವ ಸಾಧ್ಯತೆ ಹೆಚ್ಚು. ಕೊಳ್ಳುವಾಗ ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಕೆಳ ಅಂಚಿನಲ್ಲಿ ಆಡಿಸಿ ನೋಡಿ. ಹಿಡಿಯದ ಕಡೆ ಪುಟ್ಟಿ ಇದೆ.

ರನ್ನಿಂಗ್ ಬೋರ್ಡು, ಜಾಕ್ ಪಾಯಿಂಟ್, ಸೀಟ್ ಬೆಲ್ಟ್ ಬೋಲ್ಟ್ ಕೂರುವ ಜಾಗ, ಮುಂದಿನ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ತುದಿ ಕೂರುವ ಬಾನೆಟ್ ಒಳಗಿನ ಗೋಪುರ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು: ಇವಕ್ಕೆ ತುಕ್ಕು ತಗುಲಿದ್ದರೆ ಮಾತೇ ಬೇರೆ. ಅಪಘಾತದಲ್ಲಿ ಕಾರಿನ ಆಕಾರ ಹಿಡಿದಿಡುವುದು ಇವೇ. ರನ್ನಿಂಗ್ ಬೋರ್ಡಿನಲ್ಲಿ ಒಂದೆರಡು ಕಡೆ ತೂತಿದ್ದರೆ ಒಳ್ಳೆಯ ಬಾಡಿ ಶಾಪಿನಲ್ಲಿ ಹೊಸ ಪ್ಯಾನೆಲ್ ಹಾಕಿಸಬಹುದು, ಖರ್ಚು ಕಾರಿನ ಮಾರುಕಟ್ಟೆ ಬೆಲೆಯ ಹತ್ತಿರ ಹೋದರೂ ಹೋಗಬಹುದು. ಗೋಪುರ, ಸ್ಪ್ರಿಂಗಿನ ಬಟ್ಟಲು ಎರಡರಲ್ಲಿ ಒಂದು ಸಡಿಲವಾಗಿದ್ದರೂ, ಅಪ್ಪನ ಕಾರು ಎಂಬ ಮಮತೆ ಎಷ್ಟೇ ಇರಲಿ, ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಬೇಡಿ. 15 ವರ್ಷ ದಾಟಿದ ಕಾರಿನ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅಲ್ಲಿ ಪಾಸಾಯಿತು ಎಂಬುದು ಒಳ ಪೊಳ್ಳುಗಳು ಗಟ್ಟಿ ಇವೆ ಎಂಬುದಕ್ಕೆ ಸಾಕ್ಷಿಯಲ್ಲ.

ಕೋಟಿಂಗ್, ಆಯಿಲ್, ಕವರ್

ಗ್ಯಾರೇಜಿನವರು ಹೇಳುವ ಅಂಡರ್‌ಬಾಡಿ ಕೋಟಿಂಗ್ ಸಾಮಾನ್ಯವಾಗಿ ಡಾಂಬರು ಅಥವಾ ರಬ್ಬರ್ ಬೆರೆತ ಕಪ್ಪು ಲೇಪ, ಒಣಗಿದ ಮೇಲೆ ಗಟ್ಟಿ. ಹೊಸ ಕಾರಿನ ಸ್ವಚ್ಛ ತಗಡಿಗೆ ಕಲ್ಲೇಟು ತಡೆಯಲು ಅದು ಒಳ್ಳೆಯದೇ. ಇಪ್ಪತ್ತು ವರ್ಷದ ಕಾರಿಗೆ, ಅದೂ ಅರ್ಧ ದಿನದಲ್ಲಿ ನೀರು ಹೊಡೆದು, ಒಣಗುವ ಮುಂಚೆ ಲೇಪ ಹೊಡೆದುಕೊಟ್ಟರೆ, ಒದ್ದೆ ಮಣ್ಣೂ ತುಕ್ಕೂ ಒಳಗೇ ಉಳಿಯುತ್ತವೆ. ಲೇಪ ಬಿರುಕು ಬಿಟ್ಟಲ್ಲಿ ನೀರು ನುಗ್ಗಿ ಅಡಿಯಲ್ಲಿ ಹರಡುತ್ತದೆ, ಮೇಲಿನಿಂದ ಎಲ್ಲ ಕಪ್ಪಗೆ ಚೆಂದ. ಎಷ್ಟೋ ಕಡೆ ಗನ್ ಹಿಡಿದವರು ರನ್ನಿಂಗ್ ಬೋರ್ಡಿನ ನೀರು ಬಿಡುವ ತೂತುಗಳ ಮೇಲೂ ಹೊಡೆದುಬಿಡುತ್ತಾರೆ.

ನಿಮ್ಮ ಕಾರಿಗೆ ನಾನು ಹೇಳುವುದು ಮೆದು ಲೇಪ: ಅಡಿಗೆ ವ್ಯಾಕ್ಸ್ ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಲ್ಯಾನೊಲಿನ್ ಸ್ಪ್ರೇ, ಪೊಳ್ಳುಗಳ ಒಳಗೆ ಕ್ಯಾವಿಟಿ ವ್ಯಾಕ್ಸ್. ಬಿರುಕು ಬಿಡುವುದಿಲ್ಲ, ಗೀರು ಬಿದ್ದರೂ ಸುತ್ತಲಿನದು ಸ್ವಲ್ಪ ಹರಿದು ಮುಚ್ಚಿಕೊಳ್ಳುತ್ತದೆ, ಅಡಿಯ ತುಕ್ಕು ಕಣ್ಣಿಗೆ ಕಾಣುತ್ತದೆ. ಚಕ್ರದ ಕಮಾನಿನಲ್ಲಿ ತೊಳೆದು ಹೋಗುವುದರಿಂದ ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು ಎಂಬುದೇ ಇದರ ಕೊರತೆ. ಕ್ಯಾವಿಟಿ ವ್ಯಾಕ್ಸನ್ನು ಸುತ್ತಲೂ ಚಿಮ್ಮುವ ನಾಜಲ್ ಇರುವ ಉದ್ದ ಪೈಪಿನಲ್ಲಿ, ಇರುವ ತೂತುಗಳಿಂದಲೇ ಒಳಗೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಹೊಡೆಯಬೇಕು. ಇದಕ್ಕಾಗಿ ಹೊಸ ತೂತು ಕೊರೆಯಲು ಬಿಡಬೇಡಿ. ರನ್ನಿಂಗ್ ಬೋರ್ಡು, ನಾಲ್ಕು ಬಾಗಿಲು, ಡಿಕ್ಕಿ ಬಾಗಿಲು ಸೇರಿ ಈ ಗಾತ್ರದ ಕಾರಿಗೆ ಒಂದರಿಂದ ಎರಡು ಲೀಟರ್ ಬೇಕಾಗುತ್ತದೆ. ತೂತಿನಿಂದ ವ್ಯಾಕ್ಸ್ ತೊಟ್ಟಿಕ್ಕಲು ಶುರುವಾದರೆ ಅಂಚಿಗೆ ತಲುಪಿದೆ ಎಂದರ್ಥ. ತೊಟ್ಟಿಕ್ಕುವುದು ನಿಂತ ಮೇಲೆ ಕೇಬಲ್ ಟೈ ಹಾಕಿ ಪ್ರತಿ ತೂತನ್ನೂ ಮತ್ತೆ ಬಿಡಿಸಿ. ಸೈಲೆನ್ಸರ್, ಬ್ರೇಕು, ಸೀಟ್ ಬೆಲ್ಟ್ ಸುತ್ತುವ ಭಾಗಕ್ಕೆ ಬೀಳಬಾರದು. ವ್ಯಾಕ್ಸ್ ಹೊಡೆದ ಪೊಳ್ಳಿನ ಹತ್ತಿರ ಆಮೇಲೆ ವೆಲ್ಡಿಂಗ್ ಮಾಡಿದರೆ ಬೆಂಕಿ ಹತ್ತುತ್ತದೆ. ಆದ್ದರಿಂದ ಟಿಂಕರಿಂಗ್ ಎಲ್ಲ ಮುಗಿದ ಮೇಲೆಯೇ ಇದು.

ಹಳೆ ಎಂಜಿನ್ ಆಯಿಲ್ ನೀರು ತಡೆಯುವುದು ಸ್ವಲ್ಪ ಮಟ್ಟಿಗೆ ನಿಜ. ಅದರಲ್ಲಿ ಎಂಜಿನ್ ಉರಿಯುವಾಗ ಹುಟ್ಟಿದ ಆಮ್ಲಗಳೂ ಲೋಹದ ಕಣಗಳೂ ಇರುತ್ತವೆ, ಬುಷ್ಷುಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಧೂಳು ಅಂಟಿ ನಾವು ಈಗ ಕೆರೆದು ತೆಗೆದಂಥದ್ದೇ ಪದರ ಮತ್ತೆ ಕಟ್ಟುತ್ತದೆ. ಮಳೆಗೆ ತೊಳೆದು ಇಳಿಯುವುದು ನಿಮ್ಮ ಅಂಗಳಕ್ಕೆ, ಅಲ್ಲಿಂದ ಬಾವಿಗೆ. ಬ್ಯಾಟರಿಗೆ ಜೋಡಿಸಿ ತುಕ್ಕು ತಡೆಯುತ್ತದೆ ಎಂದು ಮಾರುವ ಎಲೆಕ್ಟ್ರಾನಿಕ್ ಡಬ್ಬಿಗೂ ದುಡ್ಡು ಹಾಕಬೇಡಿ. ಹಡಗಿನ ತಳಕ್ಕೆ, ನೆಲದಡಿಯ ಕೊಳವೆಗೆ ಆ ಉಪಾಯ ನಡೆಯುವುದು ಅವು ಸದಾ ನೀರಿನಲ್ಲಿ, ತೇವದ ಮಣ್ಣಿನಲ್ಲಿ ಮುಳುಗಿರುವುದರಿಂದ. ಗಾಳಿಯಲ್ಲಿ ನಿಂತ ಕಾರಿನಲ್ಲಿ ಆ ಕರೆಂಟು ಹರಿಯಲು ದಾರಿಯೇ ಇಲ್ಲ.

ಇನ್ನು ನಿಲ್ಲಿಸುವ ಜಾಗ. ಗಾಳಿಮರದ ಕೆಳಗಿನಿಂದ ಮೊದಲು ತೆಗೆಯಿರಿ, ಬೇರೆ ಜಾಗವೇ ಇಲ್ಲದಿದ್ದರೆ ಕೌಲ್ ಜಾಲರಿಯ ಒಳಬದಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಕೂರಿಸಿ. ಸ್ಟೀಲ್ ಜಾಲಿ ತಗಡಿಗೆ ತಾಗದಂತೆ ಸುತ್ತ ರಬ್ಬರ್ ಅಂಚು ಇರಲಿ, ಅದಿಲ್ಲದಿದ್ದರೆ ತಾಗಿದ ಕಡೆಯೇ ತುಕ್ಕು ಶುರು. ಪ್ಲಾಸ್ಟಿಕ್ ಕವರ್ ಮಳೆಗಾಲದಲ್ಲಿ ಬೇಡ. ನೆಲದಿಂದ ಏಳುವ ತೇವ ಅದರೊಳಗೆ ಸಿಕ್ಕಿ ಬೆಳಿಗ್ಗೆ ಒಳಬದಿಯಲ್ಲಿ ಹನಿ ನಿಂತಿರುವುದನ್ನು ನೀವೇ ನೋಡಿರುತ್ತೀರಿ. ನಾಲ್ಕು ಕಂಬದ ಮೇಲೆ ಶೀಟು ಹೊದಿಸಿದ, ಬದಿ ತೆರೆದ ಶೆಡ್ಡು ಎಲ್ಲಕ್ಕಿಂತ ಒಳ್ಳೆಯದು, ನೆಲಕ್ಕೆ ಜಲ್ಲಿ ಇಲ್ಲವೇ ಕಲ್ಲುಚಪ್ಪಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಮಾನಿನೊಳಗೆ ಐದು ನಿಮಿಷ ಪೈಪಿನ ನೀರು, ಕೌಲಿಗೆ ಒಂದು ಲೀಟರಿನ ಪರೀಕ್ಷೆ, ಬಾಗಿಲಿನ ತೂತಿಗೆ ಕೇಬಲ್ ಟೈ. ಮನೆ ಮಾಡಿನ ದೋಣಿಯಿಂದ ಹಿಡಿದ ಮಳೆನೀರೇ ಸಾಕು, ಅದರಲ್ಲಿ ಉಪ್ಪು ಬಹಳ ಕಡಿಮೆ. ಮೊದಲ ಒಂದೆರಡು ಮಳೆಯ ನೀರನ್ನು ಮಾತ್ರ ಬಿಟ್ಟುಬಿಡಿ.

ಗ್ಯಾರೇಜಿಗೆ ಈ ವಾರವೇ ಹೋಗುವುದಾದರೆ ಕೋಟಿಂಗ್ ದಿನ ಕೇಳಬೇಡಿ. ಎರಡೂ ಮುಂದಿನ ಫೆಂಡರ್ ಬಿಚ್ಚಿ, ಮಣ್ಣು ತೆಗೆದು, ರನ್ನಿಂಗ್ ಬೋರ್ಡಿನ ಮುಂದಿನ ತುದಿಯ ಫೋಟೋ ಕಳುಹಿಸಿ ಎಂದು ಹೇಳಿ. ಬೆರಳಲ್ಲಿ ಒತ್ತಿದಾಗ ಅದು ಕುಸಿಯದೆ ನಿಂತರೆ ಮುಂದಿನ ಖರ್ಚಿಗೆ ಧೈರ್ಯವಾಗಿ ಕೈ ಹಾಕಬಹುದು.